ಗೋದಾಮಿಗೆ ಎರಡನೇ ಜನ್ಮ: ಲಿವರ್‌ಪೂಲಿನ ಆಲ್ಬರ್ಟ್ ಡಾಕ್

ಗೋಡೌನ್ ಅನ್ನುವುದು ಇಂಗ್ಲಿಷ್ ಪದ ಅಂತ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಇಂಗ್ಲೆಂಡಿನ ಬೀದಿಯಲ್ಲಿ ನಿಂತು "ಗೋಡೌನ್ ಎಲ್ಲಿದೆ?" ಅಂತ ಕೇಳಿ ನೋಡಿ, ಎದುರಿನವರು ಕಣ್ಣು ಕಣ್ಣು ಬಿಡುತ್ತಾರೆ. ಅವರಿಗದು ವೇರ್‌ಹೌಸ್. ಗೋಡೌನ್ ನಮ್ಮ ಕಡೆಯ ಮಾತು. ಮಲಯ್ ಭಾಷೆಯ ಗುಡಂಗ್, ಅದರ ಹಿಂದೆ ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿ. ಈ ಪದ ಸಮುದ್ರದ ಮೇಲೆ ಓಡಾಡಿ, ಪೋರ್ಚುಗೀಸರ ಬಾಯಲ್ಲಿ ಒಂದಿಷ್ಟು ತಿರುಚಿಕೊಂಡು, ಕಡೆಗೆ ಇಂಗ್ಲಿಷ್ ವೇಷದಲ್ಲಿ ನಮ್ಮ ಬ್ಯಾಂಕಿನ ಫಾರಂಗಳೊಳಗೆ ಬಂದು ಕೂತಿತು. ನಾವು ಅದನ್ನು ಗೋದಾಮು ಮಾಡಿಕೊಂಡೆವು.

ನನ್ನಂಥ ಬಿಕಾಂ ಓದಿದ ಬ್ಯಾಂಕಿನವನಿಗೆ ಕಟ್ಟಡಗಳ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಸಾಲ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಗೋದಾಮು ಎಂದರೆ ನಾಲ್ಕು ಗೋಡೆ, ಒಂದು ಮಾಡು ಅಷ್ಟೇ ಅಲ್ಲ. ವ್ಯಾಪಾರಿ ತನ್ನ ಸರಕನ್ನು ಅಡವಿಟ್ಟು ಸಾಲ ಪಡೆಯುತ್ತಾನೆ. ಸರಕು ಗೋದಾಮಿನೊಳಗೆ, ಬೀಗದ ಕೈ ಬ್ಯಾಂಕಿನ ಕಪಾಟಿನಲ್ಲಿ, ಬಾಗಿಲ ಮೇಲೆ ಬ್ಯಾಂಕಿನ ಹೆಸರಿನ ಬೋರ್ಡು. ಆಮೇಲೆ ರಾತ್ರಿ ನಿದ್ದೆ ಕೆಡಿಸುವ ಸಂಗತಿಗಳು ಮೂರು: ಬೆಂಕಿ, ಕಳ್ಳತನ, ತೇವ. ಎಷ್ಟೋ ವರ್ಷ ಮುಂಬೈಯ ಗೋದಾಮುಗಳಲ್ಲಿ ಚೀಲ ಎಣಿಸಿದ ನನಗೆ, ಈ ಮೂರಕ್ಕೂ ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲೇ ಉತ್ತರ ಬರೆದ ಕಟ್ಟಡವೊಂದಿದೆ ಎಂದು ಓದಿದಾಗಿನಿಂದ ಅದನ್ನು ನೋಡುವ ಆಸೆ ಇತ್ತು. ಮಗಳು ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದ ಕಾಲ, 2018ರಲ್ಲಿ, ಆ ಆಸೆ ತೀರಿತು. ಅಲ್ಲಿಂದ ಲಿವರ್‌ಪೂಲಿಗೆ ರೈಲಿನಲ್ಲಿ ಒಂದು ಗಂಟೆಗೂ ಕಡಿಮೆ ದಾರಿ.

ಲಿವರ್‌ಪೂಲ್ ಊರು ಮರ್ಸಿ ನದಿಯ ದಂಡೆಯಲ್ಲಿದೆ. ನದಿ ಅಲ್ಲಿ ಸಮುದ್ರ ಸೇರುವ ಜಾಗ, ಹಾಗಾಗಿ ಉಬ್ಬರ ಇಳಿತದ ಆಟ ಜೋರು. ದೊಡ್ಡ ಉಬ್ಬರದ ದಿನ ನೀರಿನ ಮಟ್ಟದಲ್ಲಿ ಸುಮಾರು 10 ಮೀಟರ್ ವ್ಯತ್ಯಾಸ ಆಗುತ್ತದೆ, ಅಂದರೆ ಮೂರು ಮಹಡಿ ಮನೆಯಷ್ಟು! ಇಂಥ ನದಿಯಲ್ಲಿ ಹಡಗು ನಿಲ್ಲಿಸಿ ಸರಕು ಇಳಿಸುವುದು ಹೇಗೆ? ಇಳಿತದಲ್ಲಿ ಹಡಗು ಕೆಸರಿನ ಮೇಲೆ ಕೂತುಬಿಡುತ್ತದೆ. ಅದಕ್ಕೆ ಅವರು 1715ರಲ್ಲಿ ಥಾಮಸ್ ಸ್ಟೀರ್ಸ್ ಎಂಬ ಎಂಜಿನಿಯರನ ಕೈಯಲ್ಲಿ ಒಂದು ಉಪಾಯ ಮಾಡಿಸಿದರು. ನದಿಯ ಪಕ್ಕದಲ್ಲೇ ಗೋಡೆ ಕಟ್ಟಿದ ಕೊಳ, ಅದಕ್ಕೊಂದು ಗೇಟು. ಉಬ್ಬರ ಬಂದಾಗ ಗೇಟು ತೆಗೆದು ಹಡಗನ್ನು ಒಳಗೆ ಬಿಟ್ಟುಕೊಳ್ಳುವುದು, ನೀರು ಇಳಿಯುವ ಮೊದಲು ಗೇಟು ಮುಚ್ಚುವುದು. ಹೊರಗೆ ನದಿ ಏನೇ ಮಾಡಲಿ, ಒಳಗೆ ಹಡಗು ತೇಲುತ್ತಲೇ ಇರುತ್ತದೆ. ವ್ಯಾಪಾರಕ್ಕಾಗಿ ಹೀಗೆ ಕಟ್ಟಿದ ಡಾಕುಗಳಲ್ಲಿ ಅದು ಜಗತ್ತಿಗೇ ಮೊದಲನೆಯದು.

ಆದರೆ ಇದರಿಂದ ಅರ್ಧ ಸಮಸ್ಯೆ ಮಾತ್ರ ತೀರಿತು. ಹಡಗಿನಿಂದ ಇಳಿದ ಸರಕು ದಂಡೆಯ ಮೇಲೆ ಬೀಳುತ್ತಿತ್ತು, ಅಲ್ಲಿಂದ ಕುದುರೆ ಗಾಡಿಯಲ್ಲಿ ಊರೊಳಗಿನ ಖಾಸಗಿ ಗೋದಾಮುಗಳಿಗೆ. ದಾರಿಯುದ್ದಕ್ಕೂ ಕಳ್ಳರ ಕೈಚಳಕ. ಗೋದಾಮು ಸೇರಿದ ಮೇಲೂ ನೆಮ್ಮದಿ ಇಲ್ಲ, ಏಕೆಂದರೆ ಆ ಗೋದಾಮುಗಳ ನೆಲ, ತೊಲೆ, ಮಾಡು ಎಲ್ಲ ಮರ. ಒಳಗೆ ಹತ್ತಿ, ಬ್ರಾಂದಿ, ಎಣ್ಣೆ. 1842ರ ಸೆಪ್ಟೆಂಬರಿನಲ್ಲಿ ಫಾರ್ಮ್‌ಬಿ ಸ್ಟ್ರೀಟ್ ಬಳಿ ಹತ್ತಿದ ಬೆಂಕಿ ಸಾಲು ಸಾಲು ಗೋದಾಮುಗಳನ್ನು ನುಂಗಿತು. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಸಿಡಿದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕದ ಜೊತೆಗೆ ಹತ್ತಿಯ ಬೇಲುಗಳೂ ಇದ್ದವು. ಮೊದಲು ಹೊಗೆಯಾಡಿದ್ದೇ ಆ ಹತ್ತಿ.

ಲಿವರ್‌ಪೂಲಿನ ಡಾಕುಗಳ ಉಸ್ತುವಾರಿ 1824ರಿಂದ ಜೆಸ್ಸಿ ಹಾರ್ಟ್‌ಲಿ ಎಂಬಾತನ ಕೈಯಲ್ಲಿತ್ತು. ಯಾರ್ಕ್‌ಶೈರಿನ ಕಲ್ಲುಕುಟಿಗರ ಕಸುಬಿನಿಂದ ಬಂದವನು. ಕೆಲಸಕ್ಕೆ ಸೇರಿದಾಗ ಡಾಕು ಕಟ್ಟಿದ ಅನುಭವವೇ ಇರಲಿಲ್ಲ, ಆದರೆ 1860ರಲ್ಲಿ ಸಾಯುವ ತನಕ ಅದೇ ಹುದ್ದೆಯಲ್ಲಿದ್ದ. ಲಂಡನ್ನಿನಲ್ಲಿ 1828ರಲ್ಲಿ ತೆರೆದ ಸೇಂಟ್ ಕ್ಯಾಥರೀನ್ ಡಾಕಿನಲ್ಲಿ ಗೋದಾಮುಗಳನ್ನು ನೀರಿನ ಅಂಚಿಗೇ ತಂದು ನಿಲ್ಲಿಸಿ, ಹಡಗಿನಿಂದ ನೇರ ಗೋದಾಮಿಗೆ ಸರಕು ಎತ್ತುವ ಪದ್ಧತಿ ಬಂದಿತ್ತು. ಹಾರ್ಟ್‌ಲಿ ಅದನ್ನು ತೆಗೆದುಕೊಂಡ, ಆದರೆ ಬೆಂಕಿಯ ವಿಷಯದಲ್ಲಿ ಯಾರ ಮಾತನ್ನೂ ನಂಬಲಿಲ್ಲ. ಸುಮಾರು 18 ಅಡಿ ಉದ್ದ, 10 ಅಡಿ ಅಗಲದ ಮಾದರಿ ಕೋಣೆ ಕಟ್ಟಿಸಿ, ಒಳಗೆ ಕಟ್ಟಿಗೆ, ಡಾಂಬರು ತುಂಬಿಸಿ ಬೆಂಕಿ ಇಟ್ಟ! ಯಾವ ವಿಧಾನದಲ್ಲಿ ಕಟ್ಟಿದ್ದು ತಡೆಯುತ್ತದೆ, ಯಾವುದು ಕುಸಿಯುತ್ತದೆ ಎಂದು ಕಣ್ಣಾರೆ ನೋಡಿದ. ಕಡೆಗೆ ಅವನು ಆರಿಸಿಕೊಂಡದ್ದು ಇಟ್ಟಿಗೆ, ಗ್ರಾನೈಟ್, ಮರಳುಗಲ್ಲು, ಕಬ್ಬಿಣ. ಕಟ್ಟಡದ ಭಾರ ಹೊರುವ ಒಂದೇ ಒಂದು ಮರದ ತೊಲೆಯೂ ಇಲ್ಲ. ಹೀಗೆ ಮರವಿಲ್ಲದೆ ಕಟ್ಟಿದ ಗೋದಾಮು ಬ್ರಿಟನ್ನಿನಲ್ಲಿ ಇದೇ ಮೊದಲು.

ಒಳರಚನೆ ಹೀಗಿದೆ. ಸಾಲಾಗಿ ಎರಕದ ಕಬ್ಬಿಣದ ಕಂಬಗಳು. ಕಂಬದ ಮೇಲೆ, ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಆಕಾರದ ಕಬ್ಬಿಣದ ತೊಲೆಗಳು. ಒಂದು ತೊಲೆಯಿಂದ ಇನ್ನೊಂದಕ್ಕೆ ಇಟ್ಟಿಗೆಯ ತೆಳು ಕಮಾನು. ಅದರ ಬೆನ್ನನ್ನು ಸಮ ಮಾಡಿ ಮೇಲೆ ನೆಲ. ಕಮಾನು ಪಕ್ಕಕ್ಕೆ ನೂಕುವ ಭಾರವನ್ನು ಹಿಡಿದಿಡಲು ಕಬ್ಬಿಣದ ಸರಳುಗಳು. ನಮ್ಮ ಹಳೆಯ ರೈಲ್ವೆ ಕಟ್ಟಡಗಳಲ್ಲಿ, ದಕ್ಷಿಣ ಮುಂಬೈಯ ಹಳೆ ಆಫೀಸುಗಳಲ್ಲಿ ತಲೆ ಎತ್ತಿ ನೋಡಿದರೆ ಕಾಣುವ ಇಟ್ಟಿಗೆ ಕಮಾನಿನ ಚಾವಣಿ ಇದೆಯಲ್ಲ, ಅದರ ಹತ್ತಿರದ ನೆಂಟ. ಮಾಡಂತೂ ಇನ್ನೂ ವಿಚಿತ್ರ: ಕಬ್ಬಿಣದ ತಗಡುಗಳನ್ನು ರಿವೆಟ್ ಹೊಡೆದು ಸೇರಿಸಿ, ಹಡಗಿನ ಹೊಟ್ಟೆಯನ್ನು ಬೋರಲು ಹಾಕಿದ ಹಾಗೆ ಮಾಡಿದ್ದಾನೆ. ಹಡಗಿನ ಊರಲ್ಲವೇ!

ಕಟ್ಟಡ ನಿಂತಿರುವುದು ನದಿಯ ದಂಡೆಯ ಮೆತ್ತನೆ ಮಣ್ಣಿನ ಮೇಲೆ. ಅದಕ್ಕೆ 13 ಸಾವಿರಕ್ಕೂ ಹೆಚ್ಚು ಬೀಚ್ ಮರದ ದಿಮ್ಮಿಗಳನ್ನು ನೆಲಕ್ಕೆ ಇಳಿಸಿ ಅಡಿಪಾಯ ಮಾಡಿದರು. ಮೇಲೆ ಮರ ಬೇಡ ಎಂದವನು ಕೆಳಗೆ ಮಾತ್ರ ಮರವನ್ನೇ ನಂಬಿದ. ನೀರಿನಲ್ಲಿ ಸದಾ ಮುಳುಗಿರುವ ಮರ ಬೇಗ ಕೊಳೆಯುವುದಿಲ್ಲ, ಬೆಂಕಿಯಂತೂ ಅಲ್ಲಿಗೆ ತಲುಪುವುದಿಲ್ಲ. ಒಟ್ಟು 2 ಕೋಟಿ 35 ಲಕ್ಷ ಇಟ್ಟಿಗೆ, 47 ಸಾವಿರ ಟನ್ ಗಾರೆ ಹಿಡಿಯಿತು ಎನ್ನುತ್ತದೆ ಲೆಕ್ಕ. ಖರ್ಚು 7 ಲಕ್ಷ 82 ಸಾವಿರ ಪೌಂಡು. 1841ರಲ್ಲಿ ಶುರುವಾದ ಕೆಲಸ, ರಾಣಿ ವಿಕ್ಟೋರಿಯಾಳ ಗಂಡ ಪ್ರಿನ್ಸ್ ಆಲ್ಬರ್ಟ್ 1846ರ ಜುಲೈ 30ರಂದು ಬಂದು ಉದ್ಘಾಟಿಸಿದ. ಹೆಸರು ಅವನದೇ ಉಳಿಯಿತು.

ಏಳೂಮುಕ್ಕಾಲು ಎಕರೆಯ ನೀರಿನ ಕೊಳ, ಅದನ್ನು ಸುತ್ತಿ ಐದು ಮಹಡಿಯ ಐದು ಗೋದಾಮುಗಳು. ನೀರಿನ ಅಂಚಿಗೆ ಸುಮಾರು 15 ಅಡಿ ಎತ್ತರದ, ಒಬ್ಬರ ತೋಳಿಗೆ ಸಿಗದಷ್ಟು ದಪ್ಪದ ಕಬ್ಬಿಣದ ಕಂಬಗಳ ಸಾಲು. ಗ್ರೀಕ್ ದೇವಸ್ಥಾನದ ಕಂಬದಂತೆ ಕಾಣುತ್ತವೆ, ಆದರೆ ಒಳಗೆ ಟೊಳ್ಳು. ನಾನು ಒಂದು ಕಂಬವನ್ನು ಬೆರಳಿನಿಂದ ಬಡಿದು ನೋಡುತ್ತಿದ್ದಾಗ ಮಗಳು, "ಅಪ್ಪಾ, ಇದು ಸ್ಟಾಕ್ ಇನ್‌ಸ್ಪೆಕ್ಷನ್ ಅಲ್ಲ, ಬನ್ನಿ" ಅಂತ ಕೈ ಹಿಡಿದು ಎಳೆದಳು. ಕಂಬಗಳ ನಡುವೆ ಅಲ್ಲಲ್ಲಿ ಎತ್ತರದ ಅಗಲ ಕಮಾನುಗಳಿವೆ. ಅಂದಕ್ಕೆ ಅಂತ ಕಾಣುತ್ತದೆ, ಆದರೆ ಅವು ಕ್ರೇನಿನ ಕೈ ತಿರುಗಲು ಬಿಟ್ಟ ಜಾಗ. ಈ ಕಟ್ಟಡದಲ್ಲಿ ಚೆಂದ ಅಂತ ಕಂಡದ್ದಕ್ಕೆಲ್ಲ ಹಿಂದೆ ಒಂದು ಕೆಲಸ ಇದೆ. 1848ರಲ್ಲಿ ಇಲ್ಲಿ ನೀರಿನ ಒತ್ತಡದಿಂದ ನಡೆಯುವ ಸರಕೆತ್ತುವ ಯಂತ್ರಗಳು ಬಂದವು. ಗೋದಾಮಿನಲ್ಲಿ ಇಂಥವನ್ನು ಬಳಸಿದ್ದು ಜಗತ್ತಿನಲ್ಲಿ ಇಲ್ಲೇ ಮೊದಲು.

ಇನ್ನು ಕಳ್ಳತನಕ್ಕೆ ಉತ್ತರ. ಇಡೀ ಡಾಕು ಒಂದು ಕೋಟೆಯ ಹಾಗೆ. ಸುತ್ತ ಗೋಡೆ, ನದಿಗೆ ನೇರ ಬಾಗಿಲೂ ಇಲ್ಲ, ಪಕ್ಕದ ಕ್ಯಾನಿಂಗ್, ಸಾಲ್ಟ್‌ಹೌಸ್ ಡಾಕುಗಳ ಮೂಲಕವೇ ಹಡಗು ಒಳಗೆ ಬರಬೇಕು. ಇಷ್ಟು ಭದ್ರತೆ ಇದ್ದದ್ದರಿಂದ ಇದು ಬಾಂಡೆಡ್ ಗೋದಾಮಾಯಿತು. ಬ್ಯಾಂಕಿನವರಿಗೆ ಇದು ಗೊತ್ತಿರುವ ಸಂಗತಿ: ಆಮದು ಸರಕು ಬಾಂಡ್‌ನಲ್ಲಿರುವ ತನಕ ಸುಂಕ ಕಟ್ಟಬೇಕಿಲ್ಲ, ಗಿರಾಕಿ ಸಿಕ್ಕಿ ಮಾಲು ಹೊರಗೆ ಹೋಗುವಾಗ ಕಟ್ಟಿದರೆ ಸಾಕು. ವ್ಯಾಪಾರಿಯ ಬಂಡವಾಳ ಸುಂಕದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬ್ರಾಂದಿ, ತಂಬಾಕು, ಸಕ್ಕರೆ, ಚಹಾ, ರೇಷ್ಮೆ, ದಂತದಂಥ ಬೆಲೆಬಾಳುವ ಮಾಲಿಗೆ ಹೇಳಿ ಮಾಡಿಸಿದ ಜಾಗ. ಒಳಗಿರುವ ಸರಕು ಸುಡುವುದಿಲ್ಲ, ಕಳುವಾಗುವುದಿಲ್ಲ ಎನ್ನುವ ನಂಬಿಕೆಯ ಮೇಲೆ ಸಾಲ ಹುಟ್ಟುತ್ತದೆ, ವಿಮೆ ಅಗ್ಗವಾಗುತ್ತದೆ. ಹಾರ್ಟ್‌ಲಿ ಕಟ್ಟಿದ್ದು ಇಟ್ಟಿಗೆಯ ರೂಪದ ನಂಬಿಕೆಯನ್ನು ಎಂದರೂ ನಡೆಯುತ್ತದೆ.

ಆದರೆ ಆ ಸರಕು ಯಾರದು, ಬೆಳೆದವರು ಯಾರು ಎನ್ನುವ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಲಿವರ್‌ಪೂಲಿನ ಹಡಗುಗಳು ಸುಮಾರು 15 ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಅಟ್ಲಾಂಟಿಕ್ ದಾಟಿಸಿದವು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಿತು, ಆಲ್ಬರ್ಟ್ ಡಾಕ್ ಆಮೇಲಿನದು. ಆದರೆ ಊರಿಗೆ ಬಂಡವಾಳ ಬಂದದ್ದು ಆ ವ್ಯಾಪಾರದಿಂದ, ಮತ್ತು 1865ರ ತನಕ ಲಿವರ್‌ಪೂಲಿಗೆ ಬರುತ್ತಿದ್ದ ಅಮೆರಿಕದ ಹತ್ತಿಯನ್ನು ಬಿಡಿಸುತ್ತಿದ್ದವರೂ ಗುಲಾಮರೇ.

ಹತ್ತಿಯ ಮಾತು ಬಂದಾಗ ನಮ್ಮ ಊರು ಕಥೆಯೊಳಗೆ ಬರುತ್ತದೆ. ನಾನು ಕುಮಟಾ ಕಡೆಯವನು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತುಹೋದಾಗ ಲ್ಯಾಂಕಶೈರಿನ ಗಿರಣಿಗಳು ಕಂಗಾಲಾಗಿ ಹಿಂದೂಸ್ತಾನದ ಕಡೆ ತಿರುಗಿದವು. ಧಾರವಾಡದಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಸುತ್ತಿದ್ದರು. ಆ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಮಚವೆಗಳಲ್ಲಿ ಮುಂಬೈಗೆ, ಮುಂಬೈಯಿಂದ ಲಿವರ್‌ಪೂಲಿಗೆ ಹೋಗುತ್ತಿತ್ತು. ಅಲ್ಲಿನ ಪೇಟೆಯಲ್ಲಿ 'ಧಾರವಾರ್' ಒಂದು ತಳಿ, 'ಕೂಂಪ್ಟಾ' ಇನ್ನೊಂದು. ಆ ಕೂಂಪ್ಟಾ ಅಂದರೆ ನಮ್ಮ ಕುಮಟೆಯೇ! ಮದರಾಸು ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನ ಮೂಲಕ ಹತ್ತಿ ಸಾಗಿಸುವ ಲೆಕ್ಕಾಚಾರ ಇತ್ತು. ನಮ್ಮ ಹಿರಿಯರು ಕೋರ್ಟು ಕಚೇರಿಗೆಂದು ಮದರಾಸಿನ ಬದಲು ಮುಂಬೈ ಕಡೆ ಮುಖ ಮಾಡಿದ್ದಕ್ಕೆ, ಅವರ ಬೆನ್ನಿಗೆ ನಾವೂ ಬಂದದ್ದಕ್ಕೆ, ಈ ಹತ್ತಿಯೂ ಒಂದು ಕಾರಣ.

ಆ ಹತ್ತಿಯ ದುಡ್ಡಿನಲ್ಲಿ ಮುಂಬೈ ಹುಚ್ಚೆದ್ದು ಕುಣಿಯಿತು. ದಿನಕ್ಕೊಂದು ಕಂಪನಿ, ದಿನಕ್ಕೊಂದು ಬ್ಯಾಂಕು, ಬ್ಯಾಕ್ ಬೇ ತುಂಬಿಸುವ ಕಂಪನಿಯ ಷೇರಿಗೆ ಮುಗಿಬಿದ್ದ ಜನ. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಜುಲೈ 1ರಂದು ಮುಂಬೈಯಲ್ಲಿ ಎಲ್ಲ ಕುಸಿಯಿತು. ಷೇರುಗಳ ಆಧಾರದ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಗೋದಾಮಿನೊಳಗಿನ ಚೀಲವನ್ನು ಎಣಿಸಬಹುದು, ಕಾಗದದ ಮೇಲಿನ ಆಸೆಯನ್ನು ಎಣಿಸಲಾಗದು ಎಂಬ ಪಾಠ ನಮ್ಮ ವೃತ್ತಿಗೆ ಆಗಲೇ ಸಿಕ್ಕಿತ್ತು.

ಅಷ್ಟು ಗಟ್ಟಿಯಾದ ಆಲ್ಬರ್ಟ್ ಡಾಕಿಗೆ ಕುತ್ತು ಬಂದದ್ದು ಬೆಂಕಿಯಿಂದಲ್ಲ, ಕಳ್ಳರಿಂದಲೂ ಅಲ್ಲ, ಹಡಗಿನ ಗಾತ್ರದಿಂದ. ಹಾರ್ಟ್‌ಲಿ ಲೆಕ್ಕ ಹಾಕಿದ್ದು ಸಾವಿರ ಟನ್ನಿನ ಒಳಗಿನ ಹಾಯಿ ಹಡಗುಗಳಿಗೆ. ಇಪ್ಪತ್ತೇ ವರ್ಷದಲ್ಲಿ ಉಗಿಹಡಗುಗಳು ದೊಡ್ಡದಾಗಿ ಬೆಳೆದು ಆ ಬಾಗಿಲಲ್ಲಿ ತೂರದಾದವು. ಗೋದಾಮು ಗೋದಾಮಾಗಿ ಉಳಿಯಿತು, ಹಡಗು ಬರುವುದು ಕಡಿಮೆಯಾಯಿತು. 1899ರಲ್ಲಿ ಒಂದು ಭಾಗವನ್ನು ಐಸ್ ತಯಾರಿಕೆಗೆ, ಶೀತಲ ಗೋದಾಮಿಗೆ ಬದಲಿಸಿದರು. 1920ರ ಹೊತ್ತಿಗೆ ಹಡಗು ಸಂಚಾರ ಬಹುತೇಕ ನಿಂತೇಹೋಯಿತು. ಎರಡನೇ ಮಹಾಯುದ್ಧದಲ್ಲಿ ನೌಕಾದಳ ಅದನ್ನು ಬಳಸಿತು, 1941ರ ಮೇ ತಿಂಗಳಲ್ಲಿ ಬಾಂಬು ಬಿದ್ದು ಹಾನಿಯಾಯಿತು. 1952ರಲ್ಲಿ ಮೊದಲ ದರ್ಜೆಯ ರಕ್ಷಿತ ಕಟ್ಟಡ ಎಂಬ ಪಟ್ಟ ಸಿಕ್ಕಿತು. ಆದರೆ ಪಟ್ಟದಿಂದ ಹೊಟ್ಟೆ ತುಂಬುವುದಿಲ್ಲವಲ್ಲ. 1972ರಲ್ಲಿ ದಕ್ಷಿಣದ ಡಾಕುಗಳನ್ನೆಲ್ಲ ಮುಚ್ಚಿದರು. ಕಂಟೇನರ್ ಕಾಲ ಬಂದಿತ್ತು. ನದಿಯ ಗೇಟು ತೆರೆದೇ ಬಿಟ್ಟರು, ಉಬ್ಬರ ಇಳಿತದ ಜೊತೆ ಬಂದ ಹೂಳು ಕೊಳದಲ್ಲಿ ತುಂಬಿ ನಿಂತಿತು.

ಕೆಡವಿ ಆಫೀಸು ಕಟ್ಟುವ ಯೋಜನೆ ಬಂತು, ಬಿತ್ತು. ಕಾಲೇಜಿಗೆ ಕೊಡುವ ಮಾತು ಬಂತು, ಅದೂ ಬಿತ್ತು. 1981ರಲ್ಲಿ ಸರಕಾರ ಮರ್ಸಿಸೈಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಸ್ಥಾಪಿಸಿತು. ಕೆಲವೇ ತಿಂಗಳಲ್ಲಿ, ಅದೇ ಜುಲೈನಲ್ಲಿ, ಊರಿನ ಟಾಕ್ಸ್‌ಟೆತ್ ಭಾಗದಲ್ಲಿ ಗಲಭೆ ಭುಗಿಲೆದ್ದಿತು. ನಿರುದ್ಯೋಗ, ಕಪ್ಪು ಜನರ ಮೇಲಿನ ಪೊಲೀಸರ ದಬ್ಬಾಳಿಕೆ ಎರಡೂ ಸೇರಿದ ಸಿಟ್ಟು ಅದು. ಮಂತ್ರಿ ಮೈಕೆಲ್ ಹೆಸೆಲ್ಟೈನ್ ಬಂದು ಊರಿನಲ್ಲೇ ಕೂತ. ಹೂಳು ತೆಗೆಸಿದರು, ಗೇಟು ಸರಿಮಾಡಿಸಿದರು, ನೀರು ಮತ್ತೆ ನಿಂತಿತು. ಅಡಿಪಾಯ, ಡಾಕಿನ ಗೋಡೆಯಂಥ ಲಾಭವಿಲ್ಲದ ಖರ್ಚನ್ನು ಸರಕಾರ ಹೊತ್ತಿತು, ಕಟ್ಟಡದೊಳಗಿನ ವ್ಯಾಪಾರಿ ಭಾಗವನ್ನು ಆರೋಕ್ರಾಫ್ಟ್ ಎಂಬ ಖಾಸಗಿ ಕಂಪನಿ ವಹಿಸಿಕೊಂಡಿತು. 1984ರಲ್ಲಿ ದೊಡ್ಡ ಹಾಯಿ ಹಡಗುಗಳ ಸ್ಪರ್ಧೆ ಊರಿಗೆ ಬಂದಾಗ ಮೊದಲ ಭಾಗ ಸಿದ್ಧವಾಗಿತ್ತು. 1988ರ ಮೇ 24ರಂದು ಪ್ರಿನ್ಸ್ ಚಾರ್ಲ್ಸ್ ಮತ್ತೊಮ್ಮೆ ಉದ್ಘಾಟಿಸಿದ. ಮೊದಲನೆಯ ಸಲ ಉದ್ಘಾಟಿಸಿದವನ ವಂಶದ ಕುಡಿಯೇ!

ಕಟ್ಟಡ ಹೊಸ ಕೆಲಸಕ್ಕೆ ಹೊಂದಿಕೊಂಡ ಬಗೆ ನನಗೆ ಬಹಳ ಹಿಡಿಸಿತು. ಸರಕಿಗೆಂದು ಮಾಡಿದ ನೆಲ ಎಷ್ಟು ಜನ ನಿಂತರೂ ಜಗ್ಗುವುದಿಲ್ಲ. ಒಳಗೆ ಅಡ್ಡಗೋಡೆ ಕಡಿಮೆ, ಕಂಬಗಳು ಒಂದೇ ಅಳತೆಯಲ್ಲಿ ನಿಂತಿವೆ, ಹಾಗಾಗಿ ಅಂಗಡಿಯೋ ಫ್ಲ್ಯಾಟೋ ಮ್ಯೂಸಿಯಮ್ಮೋ ಹೇಗೆ ಬೇಕಾದರೂ ಭಾಗ ಮಾಡಬಹುದು. ಮರ ಇಲ್ಲದ್ದರಿಂದ ಹತ್ತು ವರ್ಷ ಪಾಳು ಬಿದ್ದರೂ ಕೊಳೆತು ಬೀಳಲಿಲ್ಲ. ಅನುಕೂಲವಿಲ್ಲದ್ದೂ ಇತ್ತು: ಚಾವಣಿ ತಗ್ಗು, ಕಿಟಕಿ ಚಿಕ್ಕವು, ನಡುವೆ ಕತ್ತಲೆ. ಟೇಟ್ ಕಲಾಸಂಗ್ರಹಕ್ಕೆ ಒಂದು ಗೋದಾಮಿನ ಭಾಗವನ್ನು ರೂಪಿಸಿದ ಜೇಮ್ಸ್ ಸ್ಟರ್ಲಿಂಗ್ ಹೊರಗೆ ಹೆಚ್ಚು ಕೈಯಾಡಿಸಲಿಲ್ಲ. ಹೊಸತನವನ್ನೆಲ್ಲ ಒಳಗೇ ತೋರಿಸಿದ. ಸ್ಟರ್ಲಿಂಗ್ ಬೆಳೆದದ್ದೂ ಓದಿದ್ದೂ ಲಿವರ್‌ಪೂಲಿನಲ್ಲೇ. ಊರಿನವನಿಗೆ ಊರಿನ ಕಟ್ಟಡದ ಮೇಲಿನ ಮರ್ಯಾದೆ ಅದು ಅಂತ ನನಗನಿಸಿತು.

ಇನ್ನೊಂದು ಗೋದಾಮು ಕಡಲ ಮ್ಯೂಸಿಯಂ ಆಯಿತು. 2007ರ ಆಗಸ್ಟ್ 23ರಂದು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಅಂತರರಾಷ್ಟ್ರೀಯ ಗುಲಾಮಗಿರಿ ಮ್ಯೂಸಿಯಂ ತೆರೆಯಿತು. ನಾವು ಹೋದಾಗ ಶಾಲೆಯ ಮಕ್ಕಳ ಒಂದು ತಂಡ ಅಲ್ಲಿತ್ತು. ಸರಪಳಿಗಳ ಮುಂದೆ ಅವರೆಲ್ಲ ಸುಮ್ಮನೆ ನಿಂತಿದ್ದರು. ನನಗೆ ಲೆಕ್ಕಪುಸ್ತಕದ ನೆನಪಾಯಿತು. ಜಮೆಯ ಪುಟವನ್ನು ಮಾತ್ರ ತೋರಿಸಿ ಖರ್ಚಿನ ಪುಟವನ್ನು ಅಂಟಿಸಿಬಿಡುವ ಊರುಗಳೇ ಜಾಸ್ತಿ. ಸಂಪತ್ತು ಇಟ್ಟಿದ್ದ ಗೋದಾಮಿನೊಳಗೇ ಅದರ ಹಿಂದಿನ ನೋವಿನ ಲೆಕ್ಕವನ್ನೂ ಇಟ್ಟದ್ದು ದೊಡ್ಡ ಮಾತು. ದೊಡ್ಡ ಮಟ್ಟದ ನವೀಕರಣಕ್ಕೆಂದು 2023ರಲ್ಲಿ ಟೇಟ್, 2025ರ ಜನವರಿಯಲ್ಲಿ ಈ ಎರಡು ಮ್ಯೂಸಿಯಂಗಳು ಬಾಗಿಲು ಹಾಕಿದವು. ಹೋಗುವವರು ವಿಚಾರಿಸಿಕೊಂಡು ಹೋಗಿ.

ಎಲ್ಲ ಸುಖಾಂತ್ಯ ಅಂತ ಹೇಳುತ್ತಿಲ್ಲ. ಮೂಟೆ ಹೊತ್ತವರ ಮಕ್ಕಳಿಗೆ ಇಲ್ಲಿ ಸಿಕ್ಕದ್ದು ಅಂಗಡಿ, ಹೋಟೆಲಿನ ಕೆಲಸ, ಅದೂ ಎಲ್ಲರಿಗೂ ಅಲ್ಲ. 2004ರಲ್ಲಿ ಯುನೆಸ್ಕೊ ಈ ಡಾಕನ್ನೂ ಸೇರಿಸಿ ಊರಿನ ಬಂದರು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, 2021ರ ಜುಲೈನಲ್ಲಿ ತೆಗೆದುಹಾಕಿತು. ನದಿಯ ದಂಡೆಯಲ್ಲಿ ಎದ್ದ, ಏಳಲಿದ್ದ ಹೊಸ ಕಟ್ಟಡಗಳೇ ಕಾರಣ. ಅವುಗಳಲ್ಲೊಂದು ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣ. ಅದು ನಿಂತಿರುವುದು ಹಾರ್ಟ್‌ಲಿಯೇ ಕಟ್ಟಿ 1848ರಲ್ಲಿ ತೆರೆದ ಬ್ರಾಮ್ಲಿ ಮೂರ್ ಡಾಕಿನ ಕೊಳವನ್ನು ಮರಳಿನಿಂದ ತುಂಬಿಸಿದ ಜಾಗದಲ್ಲಿ. 2025ರಲ್ಲಿ ಅಲ್ಲಿ ಪಂದ್ಯಗಳು ಶುರುವಾದವು. ಒಬ್ಬನೇ ಎಂಜಿನಿಯರನ ಎರಡು ಡಾಕುಗಳು, ಒಂದನ್ನು ಉಳಿಸಿ ಬದುಕಿಸಿದರು, ಇನ್ನೊಂದನ್ನು ತುಂಬಿಸಿ ಬದುಕಿಸಿದರು. ಊರಿನ ಬಡ ಉತ್ತರ ಭಾಗಕ್ಕೆ ಕೆಲಸ ಬರುತ್ತದೆಂದರೆ ಪಟ್ಟಿಯ ಹೆಸರು ಹೋದರೆ ಹೋಗಲಿ ಅನ್ನುವವರ ಮಾತಿನಲ್ಲೂ ಹುರುಳಿದೆ.

ಮುಂಬೈಯಲ್ಲಿ ನಾವು ಏನು ಮಾಡಿದೆವು? 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರಿದ್ದರು. 1991ರ ನಿಯಮದಂತೆ ಗಿರಣಿ ಜಮೀನಿನಲ್ಲಿ ಮೂರನೇ ಒಂದು ಭಾಗ ಬಯಲಿಗೆ, ಮೂರನೇ ಒಂದು ಭಾಗ ಸಾರ್ವಜನಿಕ ವಸತಿಗೆ ಹೋಗಬೇಕಿತ್ತು. 2001ರ ತಿದ್ದುಪಡಿ ಆ ಪಾಲನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತ ಮಾಡಿತು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಎದ್ದದ್ದು ಮಾಲು, ಟವರು. ಕೆಲವು ಕಡೆ ಚಿಮಣಿ ಮಾತ್ರ ಅಲಂಕಾರಕ್ಕೆ ಉಳಿದಿದೆ. ಅಲ್ಲಿ ದುಡಿದವರ ಲೆಕ್ಕ ಆ ಮಾಲಿನ ಯಾವ ಮಹಡಿಯಲ್ಲೂ ಇಲ್ಲ.

ಹಾರ್ಬರ್ ಲೈನಿನಲ್ಲಿ ಓಡಾಡುವವರು ಕಾಟನ್ ಗ್ರೀನ್ ಸ್ಟೇಷನ್ ದಾಟುವಾಗ ಒಮ್ಮೆ ಪೂರ್ವದ ಕಡೆ ನೋಡಿ. ಕೋಟೆ ಪ್ರದೇಶದಿಂದ ಕೊಲಾಬಾಕ್ಕೆ, ಅಲ್ಲಿಂದ ಶಿವ್ಡಿಗೆ ಬಂದ ಹತ್ತಿ ಪೇಟೆಯ ಹೆಸರನ್ನು ಆ ಸ್ಟೇಷನ್ ಇನ್ನೂ ಹೊತ್ತಿದೆ. ಮುಂಬೈಯ ಪೂರ್ವ ದಂಡೆಯ ಬಂದರು ಜಮೀನಿನ ಬಗ್ಗೆ, ಮಂಗಳೂರಿನ ಹಳೆ ಬಂದರಿನ ಹಂಚಿನ ಮಾಡಿನ ಗೋದಾಮುಗಳ ಬಗ್ಗೆ ಯೋಜನೆಗಳು ಬರುತ್ತಲೇ ಇರುತ್ತವೆ. ಎಲ್ಲವನ್ನೂ ಉಳಿಸಿ ಎನ್ನುವಷ್ಟು ಭಾವುಕ ನಾನಲ್ಲ, ಹಳೆಯದಕ್ಕೂ ಖರ್ಚಿದೆ ಅಂತ ಬ್ಯಾಂಕಿನವನಿಗೆ ಗೊತ್ತು. ಆದರೆ ಯಾವ ಯೋಜನೆ ಬಂದರೂ ನಾವು ಕೇಳಬೇಕಾದ್ದು ಮೂರು ಪ್ರಶ್ನೆ. ಕಟ್ಟಡ ಗಟ್ಟಿ ಇದೆಯೇ? ಲಾಭವಿಲ್ಲದ ಖರ್ಚನ್ನು ಯಾರು ಹೊರುತ್ತಾರೆ? ಅಲ್ಲಿ ಮೂಟೆ ಹೊತ್ತವರ ಹೆಸರು ಹೊಸ ಕಟ್ಟಡದಲ್ಲಿ ಎಲ್ಲಿರುತ್ತದೆ? ಮೊದಲಿನ ಎರಡಕ್ಕೆ ಉತ್ತರವನ್ನು ಎಂಜಿನಿಯರು, ಆಡಿಟರು ಕೊಡುತ್ತಾರೆ. ಮೂರನೆಯದನ್ನು ನಾವು ಕೇಳದಿದ್ದರೆ ಯಾರೂ ಕೇಳುವುದಿಲ್ಲ.